ಗೋಣಿಚೀಲ ಮುಟ್ಟಿ ಹೇಳಿದ ಭವಿಷ್ಯ

ಅಥವಾ ಅವತ್ತು ಒದ್ದೆಯಾಗಿದ್ದುದು ಗೋಣಿಚೀಲಗಳು ಮಾತ್ರವೋ, ಮಾವನ ಪಂಚೆಯೂ ಸೇರಿಯೋ? ಆಣೆ ಇಟ್ಟು ಹೇಳಲಾರೆ. ನನ್ನ ನೆನಪು ಗಾರೆ ಒಣಗುವ ಮುನ್ನವೇ ಸುಣ್ಣ ಬಳಿಯುವ ಜಾತಿಯದು. ಆದರೆ ಒಂದು ಮಾತು ಖಂಡಿತ. ದೊಡ್ಡ ದೊಡ್ಡ ನಿರ್ಮಾಣ ಕಂಪನಿಗಳಲ್ಲಿ ಯಾವುದು ಬೆಳೆಯುತ್ತದೆ, ಯಾವುದು ಮಕಾಡೆ ಮಲಗುತ್ತದೆ ಎಂದು ಗೋಣಿಚೀಲ ಮುಟ್ಟಿ ಹೇಳಬಲ್ಲ ತಜ್ಞರು ರಾಮನಾಥಪುರದ ನಮ್ಮ ಸೋದರಮಾವ ಒಬ್ಬರೇ!

ಮಾವ ಗಾರೆ ಮೇಸ್ತ್ರಿಯಾಗಿದ್ದವರು. ಹೊಸ ಕಾಂಕ್ರೀಟು ಎಳೆಗೂಸು, ದಿನಾ ನೀರು ಕುಡಿಸಬೇಕು ಎಂಬುದು ಅವರ ಧರ್ಮ. ಕಂಬಕ್ಕೆ ಸುತ್ತಿದ ಗೋಣಿಚೀಲ ಭಾನುವಾರವೂ ಒದ್ದೆಯಿದ್ದರೆ ಕಂಪನಿ ಪಾಸು, ಒಣಗಿದ್ದರೆ ಫೇಲು. ಭಾನುವಾರವೇ ಏಕೆ? “ಮಿಕ್ ದಿನ ಇಂಜಿನಿಯರ್‌ಗೆ ಎದರ್ಕಂಡು ನೀರ್ ಉಯ್ತಾರೆ. ಭಾನ್ವಾರ ಉಯ್ದೋನೇ ಮೇಸ್ತ್ರಿ ಕಣ್ಲಾ!”

ಅರಕಲಗೂಡಿನಲ್ಲಿ ಹಾಸನಕ್ಕೆ ಟಿಕೆಟ್ ತೆಗೆದುಕೊಂಡ ಮಾವ ದಾರಿಯಲ್ಲಿ ಮೋರಿ ಕೆಲಸ ಕಂಡರೆ ಎದ್ದುಬಿಡುತ್ತಿದ್ದರು.

“ಯಜಮಾನ್ರೇ, ಇಲ್ ಸ್ಟಾಪಿಲ್ಲ!” ಎನ್ನುತ್ತಿದ್ದ ಕಂಡಕ್ಟರ್.

“ಮೋರಿಗ್ ಬಾಯಾರ್ಯದೆ, ನಿಲ್ಸಪ್ಪಾ!”

ಇಡೀ ಬಸ್ಸು ಕಿಟಕಿಗೆ ವಾಲುತ್ತಿತ್ತು, ಮೋರಿ ಎಲ್ಲಾದರೂ ನಾಲಿಗೆ ಚಾಚಿದೆಯೇ ಎಂದು ನೋಡಲು!

ಚನ್ನರಾಯಪಟ್ಟಣದ ಒಂದು ಮದುವೆಯಲ್ಲಿ ಬ್ಯಾಂಕಿನ ನೆಂಟರೊಬ್ಬರು ಫೋನಿನಲ್ಲಿ ಒಂದು ನಿರ್ಮಾಣ ಕಂಪನಿಯ ಷೇರಿನ ಗ್ರಾಫು ತೋರಿಸಿದರು. ಆ ಕಂಪನಿಗೆ ಮೆಟ್ರೋ ಕಂಟ್ರಾಕ್ಟು ಬಂತು, ಬಂದರಿನದೂ ಬಂತು, ಗೆರೆ ಹೇಗೆ ಮೇಲಕ್ಕೆ ಹೋಗಿದೆ ನೋಡಿ ಎಂದರು. ಮಾವ ಹೋಳಿಗೆ ಮುರಿಯುತ್ತಾ, “ನಮ್ಮೂರ್ ಒಗೆಸೊಪ್ಪಿನ್ ಗೂಡಿಂದ ಒಗೇನೂ ಮೇಲಕ್ಕೇ ಓಯ್ತದೆ. ಅದೂ ಬೆಳವಣಿಗೇನಾ?” ಎಂದರು. ನೆಂಟರು ಫೋನು ಜೇಬಿಗಿಟ್ಟು ಸಾರಿಗೆ ಕೈ ಹಾಕಿದರು.

ಮಾವ ಪಾಸು ಮಾಡಿದ ಕಂಪನಿ ಒಂದೂ ಇರಲಿಲ್ಲ. ನಮ್ಮನೆಯ ಬಚ್ಚಲುಗೋಡೆಯೂ ಫೇಲು!

ಹೀಗಿರುವಾಗ, ಹಾಸನದಲ್ಲಿ ಸಿವಿಲ್ ಓದಿದ ನನ್ನ ತಂಗಿಗೆ ಅದೇ ಗ್ರಾಫಿನ ಕಂಪನಿ ಸೈಟಿನ ಕೆಲಸ ಕೊಟ್ಟಿತು. ಮಗಳು ಹೆಲ್ಮೆಟ್ಟು ಹಾಕಿಕೊಂಡು ಬಿಸಿಲಲ್ಲಿ ನಿಲ್ಲುವುದು ಅಪ್ಪನಿಗೆ ಇಷ್ಟವಿಲ್ಲ. ಬೇಡವೆನ್ನಲು ಧೈರ್ಯವೂ ಇಲ್ಲ. “ನಿಮ್ಮಾವ ಕಂಪ್ನಿ ಬೆಳೀತದೆ ಅಂದ್ರೆ ಓಗು” ಎಂದುಬಿಟ್ಟರು. ಎಂಥ ಜಾಣ ಅಪ್ಪ!

ತಂಗಿ ಮಾವನಿಗೆ ಫೋನು ಮಾಡಿ ಅತ್ತಳು. “ಮಾವ, ನಾನು ಸೇತುವೆ ಕಟ್ಬೇಕು.”

“ಚೀಲ ಏನ್ ಯೋಳ್ತದೋ ಅದೇ ಕಣವ್ವ” ಎಂದು ಮಾವ ಫೋನಿಟ್ಟರು.

ಆ ಕಂಪನಿ ಆಗ ಹೊಳೆನರಸೀಪುರದ ಹತ್ತಿರ ಸೇತುವೆ ಕಟ್ಟುತ್ತಿತ್ತು. ಭಾನುವಾರ ನಾನು ಹಾಸನದಿಂದ ಹೋದೆ. ಮಾವ ಮೊದಲ ಬಸ್ಸಿಗೇ ಬಂದು ಕಂಬದ ಬುಡದಲ್ಲಿ ಕೂತಿದ್ದರು. ಎಲ್ಲ ಚೀಲಗಳಿಂದಲೂ ನೀರು ತೊಟ್ಟಿಕ್ಕುತ್ತಿತ್ತು. “ಮುಟ್ ನೋಡ್ಲಾ” ಎಂದರು. ಮುಟ್ಟಿದೆ. “ಬೆಳೀತದೆ. ಓಗಿ ನಿಮ್ಮಪ್ಪಂಗೆ ಯೋಳು.”

ತಂಗಿ ಕೆಲಸಕ್ಕೆ ಸೇರಿದಳು. ಕಂಪನಿ ಬೆಳೆಯಿತು, ಅವಳೂ ಬೆಳೆದಳು. ಈಗ ಅವಳ ಸೈಟಿನಲ್ಲಿ ಭಾನುವಾರ ಪೈಪು ಹಿಡಿಯುವವಳು ಅವಳೇ. ಅಪ್ಪ ಅವಳ ಹೆಲ್ಮೆಟ್ಟಿನ ಫೋಟೋ ಊರಿಗೆಲ್ಲ ತೋರಿಸುತ್ತಾರೆ.

ಕಳೆದ ತಿಂಗಳು ಅದೇ ಸೇತುವೆಯ ಬಳಿ ಟೀ ಕುಡಿಯುತ್ತಿದ್ದೆ. ಅಂಗಡಿಯವನು, ಆಗ ಸೈಟಿನ ವಾಚ್‌ಮನ್ ಆಗಿದ್ದವನು, ನನ್ನ ಗುರುತು ಹಿಡಿದ. “ಆ ಯಜಮಾನ್ರು ಚೆನ್ನಾಗವ್ರಾ ಸಾ? ಅವತ್ತು ಪಂಪು ಕೆಟ್ಟೋಗಿ ಚೀಲವೆಲ್ಲ ಬಣಗುಟ್ತಿದ್ವು. ಒಳೆಯಿಂದ ಕೊಡ ಒತ್ತು ಒತ್ತು ಉಯ್ದ್ರು. ಬ್ಯಾಡ ಅಂದ್ರೂ ಕೇಳ್ನಿಲ್ಲ.”

ನೇರ ರಾಮನಾಥಪುರಕ್ಕೆ ಹೋದೆ. ಜಗಲಿಯ ಮೇಲೆ ಕೂತಿದ್ದ ಮಾವ, ನಾನು ಕೊಡದ ಮಾತು ಎತ್ತಿದೊಡನೆ ಸಾಕ್ಷಿಯಾದ ನನ್ನನ್ನೇ ಪ್ರಶ್ನಿಸಿದರು.

“ಚೀಲ ಒದ್ದೆ ಇತ್ತೋ ಇಲ್ವೋ?”

“ಇತ್ತು.”

“ಕಂಪ್ನಿ ಬೆಳೀತೋ ಇಲ್ವೋ?”

“ಬೆಳೀತು.”

“ಮತ್ತಿನ್ನೇನ್ಲಾ ನಿಂದು?”

ಜೀವಮಾನದಲ್ಲಿ ಯಾರನ್ನೂ ಪಾಸು ಮಾಡದವರು ಅವತ್ತು ತಾವೇ ಉತ್ತರ ಬರೆದು ತಾವೇ ತಿದ್ದಿದ್ದರು. ಈಗ ಆ ದಿನವನ್ನು ನೆನೆದರೆ ಅವರ ಪಂಚೆ ಮೊಣಕಾಲಿನವರೆಗೆ ಒದ್ದೆಯಾಗಿರುವುದು ಕಾಣುತ್ತದೆ. ನಾನು ನಿಜಕ್ಕೂ ನೋಡಿದ್ದೆನೋ, ಅಂಗಡಿಯವನ ಮಾತು ಅದನ್ನು ಈಚೆಗೆ ನೆನೆಸಿತೋ? ಬಾಯಾರಿದ ಕಂಬವನ್ನು ನೋಡಲಾರದೆ ಅಷ್ಟು ಕೊಡ ಹೊತ್ತರೋ, ಫೋನಿನಲ್ಲಿ ಕೇಳಿದ ಆ ಅಳುವಿಗೋ?

ನನಗೆ ಗೊತ್ತಿಲ್ಲ.