ತಡವಾಗಿ ಕೈಕೊಟ್ಟ ಮೈಕಿಗೊಂದು ದೂರು

ನೋಯ್ಡಾದ ನಮ್ಮ ಸೆಕ್ಟರಿನ ಕನ್ನಡ ಕೂಟದ ವೇದಿಕೆಯಲ್ಲಿ ಸದಾ ತಲೆಯೆತ್ತಿ ನಿಂತಿರುವ ಮೈಕ್ ಮಹಾಶಯರಿಗೆ, ಅವರ ಕಪ್ಪು ಸ್ಪಂಜಿನ ಟೋಪಿಗೂ ಸೇರಿಸಿ, ವಂದನೆಗಳು.

ಮಾನ್ಯರೇ,

ತಾವು ಕ್ಷೇಮವಾಗಿಲ್ಲವೆಂದು ಬಲ್ಲೆ. ಕಳೆದ ತಿಂಗಳು ನಡೆದ ‘ಆತ್ಮಹತ್ಯೆ ತಡೆ ಜಾಗೃತಿ ಸಮಾರಂಭ’ದಲ್ಲಿ ತಾವು ಗೊರಕೆಯಂಥ ಸದ್ದೊಂದನ್ನು ಮಾಡಿ ಮೌನವಾದಿರಿ; ರಿಪೇರಿಯವನು ಇನ್ನೂ ಬಂದಿಲ್ಲವೆಂದು ಕೇಳಿದೆ. ಕಾಯಿಲೆ ಬಿದ್ದವರ ಮೇಲೆ ದೂರು ಬರೆಯುವುದು ಸರಿಯೇ ಎಂದು ಬಹಳ ಯೋಚಿಸಿದೆ. ಸರಿಯಲ್ಲ ಅನ್ನಿಸಿತು. ಆದರೂ ಬರೆಯುತ್ತಿದ್ದೇನೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವಳಾದ್ದರಿಂದ ಬಹುವಚನದಲ್ಲಿ ಎಲ್ಲಾದರೂ ಕೊರತೆಯಾದರೆ ಕ್ಷಮಿಸಬೇಕು.

ಆ ಸಮಾರಂಭಕ್ಕೆ ನಾನು ಬಂದದ್ದು ನನ್ನ ಮೈದುನ ಯಶವಂತನಿಗಾಗಿ. ಅವನು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಅಧಿಕಾರಿ; ವಿಚ್ಛೇದನವಾದ ಮೇಲೆ ಗ್ರೇಟರ್ ನೋಯ್ಡಾದಲ್ಲಿ ಒಬ್ಬನೇ ಇದ್ದಾನೆ. ಫೋನಿನಲ್ಲಿ ಅವನ ಮಾತು ಕಡಿಮೆಯಾಗುತ್ತಾ ಬಂದು ಕೊನೆಗೆ ‘ಹ್ಞೂಂ’ ಮಾತ್ರ ಉಳಿದಿತ್ತು. ಆಪ್ತಸಮಾಲೋಚಕಿ ಬೋಜಮ್ಮನವರು ಬರುತ್ತಾರೆ, ಅವರ ಮಾತು ಒಮ್ಮೆ ಕೇಳು ಎಂದು ಕಾಡಿ ಬೇಡಿ, ಕಾರ್ಯಕ್ರಮ ಸಮಯಕ್ಕೆ ಸರಿಯಾಗಿ ಶುರುವಾಗಿ ಬೇಗ ಮುಗಿಯುತ್ತದೆ ಎಂಬ, ಯಾವ ಕನ್ನಡ ಕೂಟದ ಚರಿತ್ರೆಯಲ್ಲೂ ಈಡೇರದ ಭರವಸೆ ಕೊಟ್ಟು ಕರೆತಂದಿದ್ದೆ. ಬೋಜಮ್ಮನವರು ಮಾತಾಡುವ ತನಕ ಅವನು ಎದ್ದು ಹೋಗದಂತೆ ನೋಡಿಕೊಳ್ಳುವುದೊಂದೇ ನನ್ನ ಕೆಲಸವಾಗಿತ್ತು. ಅವನನ್ನು ಓಡಿಸುವ ಹೊಣೆಯನ್ನು ತಾವು ಹೊತ್ತಿದ್ದೀರೆಂದು ತಿಳಿದಿರಲಿಲ್ಲ.

ಮುಖ್ಯ ಅತಿಥಿಗಳ ಕಾರು ದೆಹಲಿಯ ಚಾಣಕ್ಯಪುರಿಯಿಂದ ಹೊರಟು ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದ್ದಷ್ಟು ಹೊತ್ತೂ ತಾವು ಗಂಟಲು ಒಣಗದೆ ಅವರ ಗುಣಗಾನ ಮಾಡಿದಿರಿ. ಅವರು ಬಂದ ಮೇಲೆ ಸನ್ಮಾನ. ಮೈಸೂರು ಪೇಟಗಳು ಸಾಲದೆ, ಫೋಟೊ ತೆಗೆದೊಡನೆ ಒಬ್ಬ ಗಣ್ಯರ ತಲೆಯಿಂದ ತೆಗೆದು ಮುಂದಿನವರ ತಲೆಗೆ ಇಟ್ಟದ್ದನ್ನೂ ನಿರೂಪಕಿ ಚಂದ್ರಪ್ರಭಾ ಅವರು ತಮ್ಮ ಮೂಲಕ ಕಾವ್ಯಮಯವಾಗಿ ಬಣ್ಣಿಸಿದರು. ಆಮೇಲೆ ‘ಎರಡೇ ಮಾತು’ ಎಂದು ಎದ್ದ ಹಿರಿಯ ಅಧಿಕಾರಿಯೊಬ್ಬರು, ರಾಜ್ಯ ಮಟ್ಟದಲ್ಲಿ ಒಂದು ಸಮಿತಿ, ಅದರಡಿ ಜಿಲ್ಲಾ ಸಮಿತಿ, ಅದರಡಿ ಉಪಸಮಿತಿ ಬರಲಿದೆ ಎಂದು ವಿವರವಾಗಿ ತಿಳಿಸಿದರು. ಮನಸ್ಸು ಕುಗ್ಗಿದವರು ಯಾವ ಸಮಿತಿಯ ಮುಂದೆ ಕುಗ್ಗಬೇಕೆಂಬುದನ್ನು ಮಾತ್ರ ಹೇಳಲಿಲ್ಲ. ಕೊನೆಗೆ ಅಧ್ಯಕ್ಷ ಮಹಂತೇಶ್ ಅವರು, ‘ನಗ್ತಾ ಇರಿ! ಇಂಥಾ ಯೋಚನೆ ಬರೋದೆಲ್ಲ ದುರ್ಬಲರಿಗೆ’ ಎಂದಾಗ, ತಾವು ಆ ಪದವನ್ನು ‘ದುರ್ಬಲರಿಗೆ... ಬಲರಿಗೆ... ಲರಿಗೆ’ ಎಂದು ಗೋಡೆಗೋಡೆಗೂ ಬಡಿದು ಹೇಳಿದಿರಿ.

ಯಶವಂತ ಎದ್ದು ನಿಂತ. ‘ಚಲೋ, ಹೋಗೋಣ ಅತ್ತಿಗೆ, ಇದು ನನ್ನಂಥೋರಿಗಲ್ಲ.’ ನಾನು ಅವನ ತೋಳು ಹಿಡಿದು, ‘ಬಿಸಿಬೇಳೆಬಾತ್ ಇದೆಯಂತೆ ಕಣೋ, ಕೂತ್ಕೋ’ ಎಂದೆ. ‘ಅದನ್ನೇ ಬೆಳಗ್ಗೆಯಿಂದ ಹೇಳ್ತಿದ್ದೀರಿ. ಇಷ್ಟು ಹೊತ್ತಿಗೆ ಬಿಸಿ ಹೋಗಿ ಬರೀ ಬೇಳೆಬಾತ್ ಆಗಿರುತ್ತೆ’ ಎಂದ. ಎಷ್ಟೋ ದಿನಗಳ ಮೇಲೆ ಅವನ ಬಾಯಿಂದ ಒಂದು ಪೂರ್ತಿ ವಾಕ್ಯ. ಕೂತ.

ಆಗ ಬೋಜಮ್ಮನವರನ್ನು ಕರೆದರು. ‘ಎರಡು ನಿಮಿಷ ಮೇಡಂ, ಊಟ ತಣ್ಣಗಾಗ್ತಿದೆ.’ ಅವರು ಮಾತಾಡಲೆಂದು ತಮ್ಮ ಸ್ಟ್ಯಾಂಡಿನ ಕೊರಳಿಗೆ ಕೈ ಹಾಕಿದ್ದೇ ತಡ, ತಾವು ಪ್ರಜ್ಞೆ ತಪ್ಪಿದಿರಿ. ಅಧ್ಯಕ್ಷರು ‘ಭಯ್ಯಾ, ತಾರ್ ಹಿಲಾವೋ!’ ಎಂದು ಕೂಗಿದರು. ಮೈಕ್ ಸೆಟ್ಟಿನ ಭಯ್ಯಾ ವೈರನ್ನಷ್ಟೇ ಅಲ್ಲದೆ ತಮ್ಮನ್ನೂ ಹಿಡಿದು ಅಲುಗಾಡಿಸಿದರು. ಮೈಕಿಲ್ಲದ್ದು ಸಮಾರಂಭವಲ್ಲ ಎಂದು ಬಗೆದ ಗಣ್ಯರು ಶಾಲುಗಳ ಸಮೇತ ಊಟದ ಕಡೆ ನಡೆದರು. ಅವರ ಹಿಂದೆಯೇ ಸಭೆಯ ಮುಕ್ಕಾಲು ಪಾಲು.

ಬೋಜಮ್ಮನವರು ವೇದಿಕೆಯಿಂದಿಳಿದು, ಪ್ಲಾಸ್ಟಿಕ್ ಕುರ್ಚಿಯೊಂದನ್ನು ಎಳೆದುಕೊಂಡು, ಉಳಿದ ಕೆಲವರ ನಡುವೆ ಕೂತರು. ನಿಮ್ಮವರ ಬಗ್ಗೆ ಅನುಮಾನವಿದ್ದರೆ ಸುತ್ತಿಬಳಸಬೇಡಿ, ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ, ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಕೇಳಿ ಸುಮ್ಮನಾಗದೆ ಜೊತೆಗಿರಿ ಎಂದರು. ನಾನು ತಿಂಗಳುಗಟ್ಟಲೆ ಅವನನ್ನು ಕೇಳಿದ್ದು ‘ಊಟ ಆಯ್ತಾ?’ ಎಂದು. ಎಲ್ಲವೂ ಅದರಲ್ಲೇ ಅಡಗಿದೆ ಎಂದುಕೊಂಡಿದ್ದೆ. ಅಡಗಿಯೇ ಇತ್ತು, ಅದೇ ತೊಂದರೆ.

ಅವನ ಕಡೆ ತಿರುಗಿ, ನೇರವಾಗಿಯೇ ಕೇಳಿದೆ. ಅವನು ನೆಲ ನೋಡುತ್ತಾ, ‘ಬರ್ತಿದೆ ಅತ್ತಿಗೆ’ ಎಂದ. ಆ ದನಿ ನನ್ನ ಕಿವಿ ಮುಟ್ಟುವಷ್ಟೇ ಇತ್ತು. ಬೋಜಮ್ಮನವರು ನನ್ನ ಮುಖ ನೋಡಿದರು, ಕುರ್ಚಿಯನ್ನು ಅವನ ಹತ್ತಿರಕ್ಕೆ ಸರಿಸಿದರು. ಅಡುಗೆಯವರು ಪಾತ್ರೆ ತೊಳೆಯುವ ತನಕ ಇಬ್ಬರೂ ಮಾತಾಡಿದರು. ಈಗ ಅವನು ನಮ್ಮ ಮನೆಯಲ್ಲಿದ್ದಾನೆ. ವಾರವಾರ ಅವರ ಬಳಿಗೂ ಅವರು ಹೇಳಿದ ವೈದ್ಯರ ಬಳಿಗೂ ಹೋಗುತ್ತಾನೆ, ನನ್ನ ಅಡುಗೆಯನ್ನು ಆಡಿಕೊಳ್ಳುತ್ತಾನೆ.

ಆದ್ದರಿಂದ ಮಾನ್ಯರೇ, ನನ್ನ ದೂರು ಇಷ್ಟೇ: ತಾವು ಬೆಳಗ್ಗೆಯೇ ಯಾಕೆ ಕೆಡಲಿಲ್ಲ? ಅವನು ಇನ್ನೊಂದು ಸಲ ಎದ್ದಿದ್ದರೆ ನನ್ನ ಹತ್ತಿರ ಬೇರೆ ತಿಂಡಿಯ ಹೆಸರಿರಲಿಲ್ಲ. ಮುಂದಿನ ವರ್ಷ ಪ್ರಾರ್ಥನೆ ಮುಗಿದೊಡನೆ, ತೀರಾ ಆಗದಿದ್ದರೆ ಮೊದಲ ‘ಎರಡೇ ಮಾತು’ ಕಿವಿಗೆ ಬಿದ್ದೊಡನೆ, ಮೂರ್ಛೆ ಹೋಗಬೇಕಾಗಿ ಕೋರುತ್ತೇನೆ. ಅಧಿಕಾರಿಗಳು ಒಪ್ಪಿದರೆ ಆ ರಾಜ್ಯ ಮಟ್ಟದ ಸಮಿತಿಗೂ ತಮ್ಮನ್ನು ಇದೇ ಸ್ಥಿತಿಯಲ್ಲಿ ನಿಯೋಜನೆಯ ಮೇಲೆ ಕಳುಹಿಸಬಹುದು. ರಿಪೇರಿಯವನು ಬಂದರೆ ದಯವಿಟ್ಟು ಸಹಕರಿಸಬೇಡಿ.

ತಮ್ಮ ಮೌನದ ಋಣದಲ್ಲಿರುವ,
ತಮ್ಮ ವಿಶ್ವಾಸಿ,
ಧಾರಿಣಿ

ಮರೆತ ಮಾತು: ವೇದಿಕೆಯ ಹಿಂದಿನ ಬ್ಯಾನರಿನಲ್ಲಿ ಗಣ್ಯರೆಲ್ಲರ ಭಾವಚಿತ್ರಗಳು ತುಂಬಿಕೊಂಡದ್ದರಿಂದ ಸಹಾಯವಾಣಿಯ ಸಂಖ್ಯೆಗೆ ಜಾಗ ಸಾಲಲಿಲ್ಲವಂತೆ. ಟೆಲಿ ಮಾನಸ್, 14416. ಐದೇ ಅಂಕಿ, ಹಗಲು ರಾತ್ರಿ ಯಾವಾಗ ಬೇಕಾದರೂ ಕರೆಯಬಹುದು. ಅಧ್ಯಕ್ಷರ ಮೀಸೆಯನ್ನು ಒಂದು ಬದಿಯಲ್ಲಿ ತುಸು ಕತ್ತರಿಸಿದ್ದರೂ ಆ ಸಂಖ್ಯೆ ಹಿಡಿಸುತ್ತಿತ್ತು.