ಒಂದೇ ದರದ ಸೀಟಿ

‘ಒಂದೇ ದರ’ ಎಂಬ ಫಲಕ ಕಂಡರೆ ನನಗೆ ಮೈಯೆಲ್ಲ ತುರಿಕೆ ಶುರುವಾಗುತ್ತದೆ. ಸೈಕಲ್ಲಿಗೆ ಸೀರೆಯ ಗಂಟು ಕಟ್ಟಿಕೊಂಡು ನಂದಗಡದ ಸಂತೆಯಿಂದ ಕಣಕುಂಬಿಯವರೆಗೆ ತಿರುಗಿ, ಕಡೆಗೆ ಬೆಳಗಾವಿಯ ಶಹಾಪುರದಲ್ಲಿ ಸ್ವಂತ ಅಂಗಡಿ ಹಾಕಿದವನು ನಾನು. ಎದುರಿನವರ ಮೊದಲ ಮಾತನ್ನೇ ಕೊನೆಯ ಮಾತೆಂದು ಒಪ್ಪಿದ್ದರೆ ಇವತ್ತಿಗೂ ಸೈಕಲ್ ತುಳಿಯುತ್ತಿದ್ದೆ. ಡಾಕ್ಟರು ಐದು ದಿನ ಗುಳಿಗೆ ಬರೆದರೂ ‘ಮೂರು ದಿನಕ್ಕ ಮುಗಸ್ರಿ’ ಎಂದು ನನ್ನ ಬಾಯಿಗೆ ಬಂದುಬಿಡುತ್ತದೆ. ನಿಮಗೂ ಅದನ್ನೇ ಹೇಳುತ್ತೇನೆ: ಯಾರು ಏನೇ ಹೇಳಲಿ, ಒಮ್ಮೆ ಮುಖ ಸಿಂಡರಿಸಿ, ಚಪ್ಪಲಿ ಮೆಟ್ಟಿ ಹೊರಟಂತೆ ಮಾಡಿ ನೋಡಿ. ಹಿಂದಿನಿಂದ ಕರೆದೇ ಕರೆಯುತ್ತಾರೆ.

ಫುಟ್‌ಬಾಲಿನ ರೆಫರಿ ಮಾತ್ರ ಕರೆಯುವುದಿಲ್ಲ. ಸೀಟಿ ಊದಿದನೆಂದರೆ ಮುಗಿಯಿತು. ಅಂಥವನು ಮನೆಯೊಳಗೇ ಇದ್ದರೆ ನನ್ನಂಥವನ ಪಾಡೇನು? ನನ್ನ ಹೆಂಡತಿ ತ್ರಿಶಲಾಳ ತಮ್ಮ ಭರತೇಶ ಖಾನಾಪುರದಲ್ಲಿ ಆಟದ ಮಾಸ್ತರ, ಸುತ್ತಲಿನ ಪಂದ್ಯಗಳಿಗೆಲ್ಲ ಅವನೇ ರೆಫರಿ. ಬಡಿಸುವಾಗ ಇನ್ನೊಂದು ಹೋಳಿಗೆ ಎಂದರೆ ಎಲೆಯ ಮೇಲೆ ಅಂಗೈ ಅಡ್ಡ ಹಿಡಿಯುತ್ತಾನೆ. ಆ ಅಂಗೈಯನ್ನು ಅವನ ಹೆತ್ತ ತಾಯಿಯೂ ಸರಿಸಲಾರಳು.

ಅದಕ್ಕೇ ಟಿವಿಯಲ್ಲಿ ವಿಡಿಯೊ ರಿವ್ಯೂ ಎಂಬುದನ್ನು ಮೊದಲ ಸಲ ನೋಡಿದಾಗ ನನಗೆ ಹಿಗ್ಗೋ ಹಿಗ್ಗು. ಗೋಲು ಬಿದ್ದಿದೆ, ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಿದ್ದಾರೆ. ಅಷ್ಟರಲ್ಲಿ ರೆಫರಿ ಕಿವಿಗೆ ಬೆರಳಿಟ್ಟುಕೊಂಡು, ಗಾಳಿಯಲ್ಲಿ ಚೌಕ ಬರೆದು, ತೆರೆ ನೋಡಲು ಓಡುತ್ತಾನೆ. ಇದು ನಮ್ಮ ಅಂಗಡಿಯ ವ್ಯವಹಾರವೇ! ಗಿರಾಕಿ ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡು, ಕನ್ನಡಿ ನೋಡಿ, ನಕ್ಕು, ‘ಮನ್ಯಾಗ ಎಲ್ಲಾರಿಗೂ ತೋರ್ಸಿ ಹೇಳ್ತೀನ್ರಿ’ ಎಂದು ಒಯ್ಯುತ್ತಾಳೆ. ಅದು ವಾಪಸು ಬರುವತನಕ ನಾನು ಕೂತಲ್ಲಿ ಕೂರಲಾರೆ. ಆದರೂ ಮಾತು ಮುಗಿದಿಲ್ಲವಲ್ಲ, ಅಷ್ಟು ಸಾಕು.

ಈ ಸಲ ಹುಡುಗಿಯರ ಫೈನಲ್ಲು ಖಾನಾಪುರದಲ್ಲಿ, ಶಹಾಪುರಕ್ಕೂ ಖಾನಾಪುರಕ್ಕೂ. ನನ್ನ ಮಗಳು ಪದ್ಮಶ್ರೀ ಶಹಾಪುರದ ಮುಂಚೂಣಿ ಆಟಗಾರ್ತಿ. ಬರಬೇಕಾದ ರೆಫರಿ ಜ್ವರ ಬಂದು ಮಲಗಿದ್ದರಿಂದ ಸೀಟಿ ಭರತೇಶನ ಕೊರಳಿಗೆ ಬಿತ್ತು. ಹುಡುಗಿಯ ಸೋದರಮಾವನಲ್ಲವೇ ಎಂದರೆ ಊರವರು ನಕ್ಕರು: “ಮಾಸ್ತರ ಬಿಡ್ರಿ, ಹಡದವ್ವ ಆಡಿದ್ರೂ ಫೌಲ್ ಕೊಡ್ತಾನ!” ನನಗೆ ಭಯವಿದ್ದದ್ದೂ ಅದೇ. ಗೆದ್ದವರಿಗೆ ಕಪ್ಪು ನಾನು ಕೊಡುತ್ತೇನೆ, ಆದರೆ ವಿಡಿಯೊ ರಿವ್ಯೂ ಇರಬೇಕು ಎಂದು ಪಟ್ಟು ಹಿಡಿದೆ. ಅಕ್ಕನ ಗಂಡನಾದ ನನ್ನನ್ನು ದಾಜಿ ಎಂದು ಕರೆಯುವ ಭರತೇಶ ಶಾಂತವಾಗಿ ಹೇಳಿದ: “ಆಗ್ಲಿ ದಾಜಿ. ಆದ್ರ ವಿಡಿಯೊದಾಗ ನಂದು ತಪ್ಪು ಅಂತ ಕಂಡ್ರ ಸೀಟಿ ಅಲ್ಲೇ ಇಟ್ಟು ಮನಿಗೆ ಹೋಗ್ತೀನಿ. ಮತ್ತ ಜನ್ಮದಾಗ ಊದಂಗಿಲ್ಲ.” ಅವನ ಮಾತೂ ಒಂದೇ ದರದ್ದು. ತ್ರಿಶಲಾ ತವರಿನ ಅಡುಗೆಮನೆಯಿಂದಲೇ ತನ್ನ ದರ ಸೇರಿಸಿದಳು: “ಅವನ ಸೀಟಿ ಹೋದ್ರ ನಾ ತವರಾಗ ಉಳೀತೀನಿ. ನೀವು ಒಬ್ರ ಬೆಳಗಾವಿಗೆ ಹೋಗಿ ಅನ್ನ ಬೇಸ್ಕೊಂಡು ತಿನ್ರಿ.”

ಕ್ಯಾಮೆರಾಕ್ಕೆ ಮದುವೆ ವಿಡಿಯೊ ತೆಗೆಯುವ ಮಾರುತಿಯನ್ನು ಹಿಡಿದೆ. ಎರಡು ಕ್ಯಾಮೆರಾ ಬೇಕೆಂದ. ಚೌಕಾಶಿ ಮಾಡಿ ಒಂದಕ್ಕೆ ಇಳಿಸಿದೆ. ಆ ದಿನ ನನಗೇ ನನ್ನ ಬೆನ್ನು ತಟ್ಟಿಕೊಳ್ಳಬೇಕೆನಿಸಿತ್ತು.

ಪಂದ್ಯದ ದಿನ ವೇದಿಕೆಯ ಕುರ್ಚಿ ಬಿಟ್ಟು, ಗೋಲುಕಂಬದ ಗೆರೆಯ ನೇರಕ್ಕೇ ಕುರ್ಚಿ ಹಾಕಿಸಿಕೊಂಡೆ. ಎಲ್ಲ ನನ್ನ ಕಣ್ಣೆದುರೇ ಆಗಬೇಕು! ಕೂತದ್ದೆಲ್ಲಿ, ಎದ್ದದ್ದೇ ಹೆಚ್ಚು. ಆಟ ಸರಿಸಮವಾಗಿ ಕಡೆಯ ಗಳಿಗೆಗೆ ಬಂತು. ಪದ್ಮಶ್ರೀ ಒದ್ದ ಚೆಂಡು ಮೇಲಿನ ಅಡ್ಡಕಂಬಕ್ಕೆ ಬಡಿದು, ಗೆರೆಯ ಹತ್ತಿರ ನೆಲಕ್ಕೆ ಕುಕ್ಕಿ, ಈಚೆಗೆ ಪುಟಿಯಿತು. ಖಾನಾಪುರದ ಹುಡುಗಿ ಅದನ್ನು ಹೊರಗೆ ಒದ್ದಳು. ಶಹಾಪುರದವರು ‘ಗೋಲ್’ ಎಂದು ಕೂಗಿದರು. ಭರತೇಶ ಇಲ್ಲವೆಂದು ಕೈಯಾಡಿಸಿದ.

“ನೀ ನನ್ನ ಮಾಮಾನ ಅಲ್ಲ ಹೋಗು!” ಎಂದು ಮಗಳು ಕಾಲು ನೆಲಕ್ಕೆ ಬಡಿದಳು. ನಾನು ಮೈದಾನದೊಳಕ್ಕೇ ನುಗ್ಗಿದೆ. “ಗೆರಿ ದಾಟೈತಿ! ಕಣ್ಣಾರೆ ಕಂಡೀನಿ! ರಿವ್ಯೂ ಮಾಡ್ರಿ!”

ಭರತೇಶ ನನ್ನನ್ನೊಮ್ಮೆ ನೋಡಿದ. ಕೊರಳಿನ ಸೀಟಿ ತೆಗೆದು ಅಂಗೈಯಲ್ಲಿ ಹಿಡಿದುಕೊಂಡು, ಗಾಳಿಯಲ್ಲಿ ಚೌಕ ಬರೆದು, ಮಾರುತಿಯತ್ತ ನಡೆದ. ಬಿಸಿಲಿಗೆ ಕ್ಯಾಮೆರಾದ ಪುಟ್ಟ ತೆರೆಯಲ್ಲಿ ಏನೂ ಕಾಣಲಿಲ್ಲ. ನನಗೆ ಹೊದಿಸಲು ತಂದಿದ್ದ ಸನ್ಮಾನದ ಶಾಲನ್ನೇ ಬಿಚ್ಚಿ ಎಲ್ಲರ ತಲೆಯ ಮೇಲೆ ಹಿಡಿದೆವು. ಒಳಗೆ ಭರತೇಶ, ಮಗಳು, ಎರಡೂ ತಂಡದ ನಾಯಕಿಯರು, ತ್ರಿಶಲಾ, ನಾನು. ಮಾರುತಿ ಹಿಂದಕ್ಕೆ ತಿರುಗಿಸಿ ಬಿಟ್ಟ.

ಮಗಳ ಕಾಲು ಕಂಡಿತು. ಚೆಂಡು ಹಾರಿತು. ಜನ ಹೋ ಎಂದರು. ಆ ಕೂಡಲೇ ಚಿತ್ರ ಗರ್ರನೆ ತಿರುಗಿ ಒಂದು ಮುಖ ತುಂಬಿಕೊಂಡಿತು. ನನ್ನದು.

“ಏ ಮಾರುತಿ, ಚೆಂಡ ಎಲ್ಲೋ?”

“ರೂಢಿ ನೋಡ್ರಿ ಸಾವಕಾರ್ರ,” ಎಂದ ಅವನು. “ಮದುವ್ಯಾಗ ಮಂದಿ ಅಕ್ಕಿಕಾಳು ಹಾಕಿ ಗದ್ದಲ ಮಾಡಿದ ಕೂಡ್ಲೆ ಹೆಣ್ಣಿನ ಅಪ್ಪನ ಮಾರಿ ಹಿಡೀಬೇಕು. ಕೈ ತಾನಾಗಿ ಹೊಳ್ಳಿತು. ಎರಡನೇ ಕ್ಯಾಮೆರಾ ಇದ್ದಿದ್ರ ಚೆಂಡೂ ಸಿಗ್ತಿತ್ತು.”

ಬೇಡವೆಂದರೂ ಅದು ಮುಂದೆ ಓಡಿತು. ತೆರೆಯ ಮೇಲಿನ ನಾನು ಗೆರೆಯನ್ನೇ ದಿಟ್ಟಿಸಿದೆ, ಹಣೆ ಬಡಿದುಕೊಂಡೆ, “ಅಯ್ಯ, ಗೆರಿ ದಾಟಲಿಲ್ಲಲ್ಲೋ!” ಎಂದೆ. ಧ್ವನಿ ಗಂಟೆ ಹೊಡೆದಂತೆ ಸ್ಪಷ್ಟ. ಆಮೇಲೆ ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ, ನಮ್ಮವರೆಲ್ಲ ಕೈ ಎತ್ತಿದ್ದನ್ನು ಕಂಡೆ, ಕುರ್ಚಿ ಉರುಳುವಂತೆ ಎದ್ದು “ಗೋಲ್!” ಎಂದು ಕಿರುಚಿದೆ.

ಭರತೇಶ ತೆರೆಯಿಂದ ಕಣ್ಣೆತ್ತಿ ನನ್ನತ್ತ ತಿರುಗಿದ.

“ದಾಜಿ, ಹಣಿ ಯಾಕ ಬಡಕೊಂಡ್ರಿ?”

“ನೊಣ ಕೂತಿತ್ತು,” ಎಂದೆ.

“ಪಪ್ಪಾ, ಸಾಕು,” ಎಂದಳು ಮಗಳು. ಮಾವನ ಅಂಗೈಯಲ್ಲಿದ್ದ ಸೀಟಿಯನ್ನು ಅವಳೇ ತೆಗೆದು ಅವನ ಕೊರಳಿಗೆ ಹಾಕಿದಳು. ಪೆನಾಲ್ಟಿಯಲ್ಲಿ ಖಾನಾಪುರ ಗೆದ್ದಿತು. ನನ್ನ ಕಪ್ಪನ್ನು ನನ್ನ ಕೈಯಿಂದಲೇ ಅವರಿಗೆ ಕೊಟ್ಟೆ. ಆ ಸಂಜೆ ಅತ್ತೆಮನೆಯ ಊಟದಲ್ಲಿ ಭರತೇಶ ನನ್ನ ಎಲೆಗೆ ಕೇಳದೆಯೇ ಎರಡನೆಯ ಹೋಳಿಗೆ ಹಾಕಿದ.

ತ್ರಿಶಲಾ ಬೆಳಗಾವಿಗೆ ಬಂದಳು, ಅನ್ನವೇನೋ ಬೇಯುತ್ತಿದೆ. ಆದರೆ ಈಗ ನಾನು ಬಾಯಿ ತೆರೆದು ‘ನಾ ಹಂಗ ಅಂದೇ ಇಲ್ಲ’ ಎಂದರೆ ಸಾಕು, ಅವಳು ಗಾಳಿಯಲ್ಲಿ ಚೌಕ ಬರೆಯುತ್ತಾಳೆ. ಮಾರುತಿ ಆ ತುಣುಕಿಗೆ ಶಹನಾಯಿ ಕೂಡಿಸಿ, ಹಣೆ ಬಡಿದುಕೊಳ್ಳುವುದನ್ನು ನಿಧಾನಗತಿಗೆ ತಂದು, ಅವಳ ಫೋನಿಗೂ ಕಳಿಸಿದ್ದಾನೆ. ಮೊನ್ನೆ ತಡೆಯಲಾರದೆ ಅವನ ಸ್ಟುಡಿಯೊಕ್ಕೇ ಹೋದೆ. ಇನ್ನಷ್ಟು ಹರಡುವ ಮೊದಲು ಅದನ್ನು ಅಳಿಸಿ ಹಾಕಲು ಏನು ತಗೋತಿ ಎಂದು ಕೇಳಿದೆ. ಏನೋ ಹೇಳಿದ. ನಾನು ಮುಖ ಸಿಂಡರಿಸಲಿಲ್ಲ, ಚಪ್ಪಲಿ ಮೆಟ್ಟಲಿಲ್ಲ, ಜೀವನದಲ್ಲಿ ಮೊದಲ ಸಲ ಎದುರಿನವನ ಮೊದಲ ಮಾತಿಗೇ ಒಪ್ಪಿಕೊಂಡೆ.

ಮಾರುತಿ ತಲೆ ಕೆರೆದುಕೊಂಡ. “ಒಂದ್ ಎರಡ ದಿವಸ ತಡೀರಿ ಸಾವಕಾರ್ರ,” ಎಂದ. “ಮನ್ಯಾಗ ಎಲ್ಲಾರಿಗೂ ತೋರ್ಸಿ ಹೇಳ್ತೀನ್ರಿ.”