ಆರು ನಿಂಬೆಕಾಯಿಯ ಬೆಂಜೀನು

ವಿಜ್ಞಾನದ ಮಾಸ್ತರು ಮನ್ಮಥಪ್ಪನವರ ನೌಕರಿ ಅಂದು ಬೆಂಜೀನಿನ ಪಾಠದ ಮೇಲೆ ನಿಂತಿತ್ತು. ಹನ್ನೊಂದು ಗಂಟೆಗೆ ಇನ್ಸ್‌ಪೆಕ್ಟರ್ ಹಣಮಂತರಾಯರು ಜಹೀರಾಬಾದಿನ ಶಾಲೆಗೆ ಬಂದು ಪಾಠ ಕೇಳುವವರಿದ್ದರು. ಮೆಚ್ಚಿದರೆ ಖಾಯಂ, ಇಲ್ಲದಿದ್ದರೆ ಮನೆ. ಅಣುವಿನ ಮಾದರಿ ಮಾಡಲು ಬೇಕಾದ ಮರದ ಗುಂಡುಗಳು ಹೈದರಾಬಾದಿನಿಂದ ಬಂದೇ ಇರಲಿಲ್ಲ. ನಿಜಾಮರ ರಾಜ್ಯದಲ್ಲಿ ಅರ್ಜಿ ಹೋಗಲು ಹೊತ್ತು ಹಿಡಿಯುತ್ತಿರಲಿಲ್ಲ, ಸಾಮಾನು ಬರಲು ಹಿಡಿಯುತ್ತಿತ್ತು.

ಮನ್ಮಥಪ್ಪನವರು ಹಟವಾದಿ. ಬೆಂಜೀನನ್ನು ಹುಡುಗರ ಕಣ್ಣಿಗೆ ಕಾಣಿಸಿಯೇ ಸಿದ್ಧ ಎಂದು ಆರು ನಿಂಬೆಕಾಯಿ ತಂದರು. ಇಂಗಾಲವೆಂದರೆ ಕಪ್ಪಗಿರಬೇಕಲ್ಲ ಎಂದು ಅವಕ್ಕೆ ಕಾಡಿಗೆ ಬಳಿದರು. ಜಲಜನಕಕ್ಕೆ ಆರು ಕೆಂಪು ಬಾರಿಹಣ್ಣು. ಕಸಬರಿಗೆಯ ಕಡ್ಡಿ ಚುಚ್ಚಿ ಎಲ್ಲವನ್ನೂ ಬಳೆಯಂತೆ ಜೋಡಿಸಿ, ಕಾಡಿಗೆ ಆರಲೆಂದು ನಡುಗೋಡೆಯ ಮೇಲಿಟ್ಟು ಸ್ನಾನಕ್ಕೆ ಹೋದರು.

ಪಕ್ಕದ ಮನೆಯ ಸುಂದರಬಾಯಿಯ ಎಮ್ಮೆ ಅಂದು ಬೆಳಿಗ್ಗೆ ಹಾಲು ಕೊಟ್ಟಿರಲಿಲ್ಲ. ಕಾರಣವೇನೆಂದು ತಲೆಯೆತ್ತಿದವಳಿಗೆ ಕಾರಣ ಗೋಡೆಯ ಮೇಲೆಯೇ ಕಂಡಿತು. ಕಡ್ಡಿ ಚುಚ್ಚಿದ ಕರಿ ನಿಂಬೆಕಾಯಿ ಒಂದಿದ್ದರೇ ಅದು ಬಾನಾಮತಿ ಮಾಟ; ಇಲ್ಲಿ ಆರಿದ್ದವು.

ಮಾಸ್ತರು ಒದ್ದೆ ಮೈಯಲ್ಲಿ ಹೊರಬರುವಷ್ಟರಲ್ಲಿ ಓಣಿಗೆ ಓಣಿಯೇ ಅಂಗಳದಲ್ಲಿ ನೆರೆದಿತ್ತು. ಬಾನಾಮತಿ ಮಾಡಿದವರ ಮುಂದಿನ ಹಲ್ಲು ಕಿತ್ತರೆ ಮಂತ್ರ ನಾಲಿಗೆಗೆ ಹತ್ತುವುದಿಲ್ಲ ಎಂಬುದು ಆ ಸೀಮೆಯ ನಂಬಿಕೆ. ಅದಕ್ಕೆಂದೇ ಕಮ್ಮಾರ ಪಾಂಡಪ್ಪ ಇಕ್ಕಳ ಹಿಡಿದು ಬಂದಿದ್ದ. ತನ್ನ ಮಗನ ಗುರುಗಳೆಂಬ ಗೌರವಕ್ಕೆ ಅದನ್ನು ತೊಳೆದೂ ತಂದಿದ್ದ.

“ಬಾಯಿ ತಗೀರಿ ಮಾಸ್ತರ,” ಎಂದ.

ಮಾಸ್ತರು ಬಾಯಿ ತೆಗೆದರು, ಪಾಠ ಹೇಳಲು.

“ಇದು ಮಾಟ ಅಲ್ರಿ. ಒಂದೊಂದು ಇಂಗಾಲಕ್ಕ ನಾಲ್ಕು ಕೈ ಇರ್ತಾವ. ಒಂದು ಆಚಿ ಕಡಿಯವನಿಗಿ, ಒಂದು ಈಚಿ ಕಡಿಯವನಿಗಿ, ಒಂದು ಬಾರಿಹಣ್ಣಿಗಿ.”

“ನಾಲ್ಕನೇದು?” ಎಂದಳು ಸುಂದರಬಾಯಿ.

ನಾಲ್ಕನೆಯ ಕೈ ಅಕ್ಕಪಕ್ಕದವರಲ್ಲಿ ಒಬ್ಬರನ್ನು ಇನ್ನೊಮ್ಮೆ ಹಿಡಿಯುತ್ತದೆ, ಆದರೆ ಯಾರನ್ನೆಂದು ಖಚಿತವಾಗಿ ಹೇಳಲು ಬರುವುದಿಲ್ಲ ಎಂದರು ಮಾಸ್ತರು. ಹುಡುಗರ ತಲೆಗೆ ಮೂರು ತಿಂಗಳಾದರೂ ಇಳಿಯದ ಮಾತದು.

“ಅಂದ್ರ ಒಮ್ಮಿ ಆಚಿ ಮನಿಯಾಕಿ ಸಂಗಾಟ ದೋಸ್ತಿ, ಒಮ್ಮಿ ಈಚಿ ಮನಿಯಾಕಿ ಸಂಗಾಟ. ಯಾರನ್ನೂ ಪೂರಾ ಬಿಡಂಗಿಲ್ಲ,” ಎಂದಳು ಸುಂದರಬಾಯಿ. “ನಮ್ಮ ಓಣ್ಯಾಗೂ ಹಂಗೇ ಅದ ಬಿಡ್ರಿ.”

ಮಾಸ್ತರಿಗೆ ಸಂತೋಷದಿಂದ ಕಣ್ಣು ತುಂಬಿತು. ಓಣಿ ಹೌದೌದೆಂದಿತು, ಇಕ್ಕಳ ಪಾಂಡಪ್ಪನ ಸೊಂಟಕ್ಕೆ ಹೋಯಿತು. ಸುಂದರಬಾಯಿ ಅಷ್ಟಕ್ಕೇ ಬಿಡದೆ ಒಂದೊಂದು ನಿಂಬೆಕಾಯಿಯ ಕೈ ಎಣಿಸಿ, ಎರಡು ನಿಂಬೆಕಾಯಿಗಳ ನಡುವೆ ಒಂದು ಕಡ್ಡಿ ಕಡಿಮೆ ಬಿದ್ದದ್ದನ್ನು ಕಂಡುಹಿಡಿದು, ತನ್ನ ಕಸಬರಿಗೆಯಿಂದಲೇ ಕಿತ್ತು ಕೊಟ್ಟಳು. ಓಣಿಗೇ ತಿಳಿದ ಮೇಲೆ ಬಿ.ಎ. ಓದಿದ ಸಾಹೇಬರಿಗೆ ತಿಳಿಯದೇ ಎಂದು ಮಾಸ್ತರು ಧೈರ್ಯದಿಂದ ಶಾಲೆಗೆ ನಡೆದರು.

ಹಣಮಂತರಾಯರು ಮೇಜಿನ ಮೇಲಿನ ಬೆಂಜೀನನ್ನು ಕಂಡವರೇ ಹೊಸ್ತಿಲಾಚೆ ನಿಂತುಬಿಟ್ಟರು. ಪಾಠವನ್ನು ಪೂರ್ತಿ ಅಲ್ಲಿಂದಲೇ ಕೇಳಿದರು. ಮುಗಿದ ಮೇಲೆ ಹುಡುಗರನ್ನು ಹೊರಗೆ ಕಳಿಸಿ, ಒಳಗೆ ಬಂದು ಬಾಗಿಲು ಹಾಕಿದರು. ಖಾಯಂ ಎಂಬ ಮಾತಿಗಾಗಿ ಮಾಸ್ತರು ಉಸಿರು ಬಿಗಿಹಿಡಿದರು.

“ಮಾಸ್ತರ,” ಎಂದರು ಸಾಹೇಬರು ಮೆಲ್ಲಗೆ, “ನಾರಾಯಣಖೇಡದಾಗ ನಮ್ಮ ಅತ್ತಿಯವರು ಹಾಸಗಿ ಹಿಡಿದಾರ. ಯಾರೋ ಮಾಡಿಸ್ಯಾರ. ಅದನ್ನ ನೀವು ತೆಗೀಬೇಕು. ಅವರು ಎದ್ದ ದಿನ ನಿಮ್ಮ ಕಾಗದಕ್ಕ ಸಹಿ ಮಾಡ್ತೀನಿ.”

ಇದು ಬೆಂಜೀನು ಎಂದು ಮಾಸ್ತರು ನಾಲ್ಕು ಕೈಗಳ ಪಾಠವನ್ನು ಮತ್ತೆ ಮೊದಲಿನಿಂದ ಹೇಳಿದರು. ಸಾಹೇಬರು ತಲೆದೂಗಿ, ನಿಜವಾಗಿ ಬಲ್ಲವರು ಬಲ್ಲೆನೆಂದು ಒಪ್ಪಿಕೊಳ್ಳುವುದೇ ಇಲ್ಲ ಎಂದರು. ಇದಕ್ಕಿಂತ ದೊಡ್ಡದು ಏನಾದರೂ ಇದೆಯೇ ಎಂದೂ ಕೇಳಿದರು.

ಇಲ್ಲ ಎಂದಿದ್ದರೆ ಮನ್ಮಥಪ್ಪನವರು ಉಳಿಯುತ್ತಿದ್ದರೋ ಏನೋ. ಆದರೆ ರಸಾಯನಶಾಸ್ತ್ರದಲ್ಲಿ ಅವರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

“ಅದ ರೀ,” ಎಂದರು. “ಹತ್ತು ನಿಂಬೆಕಾಯಿದು. ನ್ಯಾಫ್ತಲೀನ್ ಅಂತಾರ.”

ಅಂದೇ ಮಧ್ಯಾಹ್ನ ಸಾಹೇಬರು ಅವರನ್ನು ನಾರಾಯಣಖೇಡದ ಬಂಡಿ ಹತ್ತಿಸಿದರು. ಹತ್ತು ನಿಂಬೆಕಾಯಿಗಳನ್ನು ತಾವೇ ಆರಿಸಿ ಕೊಟ್ಟರು.